ನಿಂತ ಬಸ್ಸೆಲ್ಲ ನಮ್ಮ ಬಸ್ಸಲ್ಲ

ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫೋಕ್ ಕೌಂಟಿಯಲ್ಲಿ ಮೋಟಾರ್‌ವೇ ಎಂಬ ವೇಗದ ಹೆದ್ದಾರಿ ಒಂದು ಮೈಲಿಯಷ್ಟೂ ಇಲ್ಲ. ಉತ್ತರ ಕರಾವಳಿಯಲ್ಲಿ ಶೆರಿಂಗ್‌ಹ್ಯಾಮ್ ದಾಟಿದರೆ, ಹಳೆಯ ಉಗಿಬಂಡಿಯ ವಿಹಾರಗಳನ್ನು ಬಿಟ್ಟು, ಪಶ್ಚಿಮದ ಕಿಂಗ್ಸ್ ಲಿನ್ ಸಿಗುವವರೆಗೆ ರೈಲೂ ಇಲ್ಲ. ಕಾರಿಲ್ಲದವರು ಬಸ್ಸನ್ನೇ ನಂಬಬೇಕು; ಬಸ್ಸು ಬಂದೇ ಬರುತ್ತದೆ, ಆದರೆ ಬಂದದ್ದು ಯಾವ ಕಂಪನಿಯ ಬಸ್ಸು ಎಂದು ನೋಡದೆ ಹತ್ತಿದರೆ ಕೈಯಲ್ಲಿರುವ ವಾಪಸಾತಿ ಟಿಕೆಟ್ಟು ಬರಿಯ ಕಾಗದದ ಚೂರಾಗುತ್ತದೆ.

ಹಿಂದೆ ಹೀಗಿರಲಿಲ್ಲವಂತೆ. 1931ರಲ್ಲಿ ಹುಟ್ಟಿದ ಈಸ್ಟರ್ನ್ ಕೌಂಟೀಸ್ ಕಂಪನಿಯ ಬಸ್ಸುಗಳೇ ಬಹುಕಾಲ ಇಲ್ಲಿನ ಹೆಚ್ಚಿನ ರಸ್ತೆಗಳಲ್ಲಿ ಓಡುತ್ತಿದ್ದವು. 1985ರ ಸಾರಿಗೆ ಕಾಯ್ದೆಯ ಫಲವಾಗಿ 1986ರ ಅಕ್ಟೋಬರ್ 26ರಿಂದ, ಲಂಡನ್ ಒಂದನ್ನು ಬಿಟ್ಟು, ಪರವಾನಗಿಯುಳ್ಳ ಯಾರು ಬೇಕಾದರೂ ಮಾರ್ಗವನ್ನು ನೋಂದಾಯಿಸಿ ಬಸ್ಸು ಓಡಿಸಬಹುದೆಂದಾಯಿತು. ಈಗ ನಾರಿಚ್ ನಗರದಲ್ಲಿ ಹಳೆಯ ಕಂಪನಿಯ ವಾರಸುದಾರ ಫಸ್ಟ್, ಡೀರಮ್‌ನಲ್ಲಿ ಕನೆಕ್ಟ್‌ಬಸ್, ಹೋಲ್ಟ್‌ನಲ್ಲಿ ಸ್ಯಾಂಡರ್ಸ್, ಕಿಂಗ್ಸ್ ಲಿನ್‌ನಲ್ಲಿ ಲಿಂಕ್ಸ್ ಹೀಗೆ ಪಾಳೆಯಪಟ್ಟುಗಳಿವೆ. ಕರಾವಳಿಯ ಉದ್ದಕ್ಕೂ ಓಡುತ್ತಿದ್ದ ಕೋಸ್ಟ್‌ಹಾಪರ್ ಸೇವೆಯಂತೂ 2018ರಲ್ಲಿ ಅಣ್ಣತಮ್ಮಂದಿರ ಆಸ್ತಿಯ ಹಾಗೆ ಪಾಲಾಯಿತು: ಕ್ರೋಮರ್‌ನಿಂದ ವೆಲ್ಸ್‌ವರೆಗೆ ಸ್ಯಾಂಡರ್ಸ್‌ಗೆ, ವೆಲ್ಸ್‌ನಿಂದಾಚೆಗೆ ಲಿಂಕ್ಸ್‌ಗೆ.

ಈ ಪಾಲುಪಟ್ಟಿಯ ಅರಿವಿಲ್ಲದೆ ಉಡುಪಿಯಿಂದ ಬಂದಿದ್ದ ನಮ್ಮ ಚಿಕ್ಕಮ್ಮ, ಖಾಸಗಿ ಬಸ್ಸುಗಳ ವಿಷಯದಲ್ಲಿ ತಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಮೊದಲೇ ಘೋಷಿಸಿದ್ದರು. ಕೈ ಒಡ್ಡದಿದ್ದರೆ ಬಸ್ಸು ನಿಲ್ಲುವುದಿಲ್ಲ ಎಂಬುದೊಂದನ್ನು ಮಾತ್ರ ನಾನು ಹೇಳಿದ್ದೆ. ಅವರು ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಮೊದಲು ಶಾಲೆಯ ಮಕ್ಕಳ ಬಸ್ಸು, ಅದರ ಹಿಂದೆ ಪ್ರವಾಸಿಗರ ಕೋಚು, ಕೊನೆಗೆ ಎದುರು ದಿಕ್ಕಿಗೆ ಹೋಗುತ್ತಿದ್ದ ಡಬಲ್ ಡೆಕ್ಕರ್ ಕೂಡ ಅವರ ಕೈಯನ್ನು ಕಂಡು ವೇಗ ತಗ್ಗಿಸಿದವು. ನಿಂತ ಕೋಚಿನ ಚಾಲಕ ಬಾಗಿಲು ತೆರೆದು, ಇದು ನಿಮ್ಮ ಬಸ್ಸಲ್ಲವೆಂದು ಬಹಳ ವಿನಯದಿಂದ ವಿವರಿಸಿದ. "ನಿಂತ ಮೇಲೆ ಹತ್ತಿಸಿಕೊಳ್ಳಲು ಇವನಿಗೇನು ಕಷ್ಟ?" ಎಂದು ಚಿಕ್ಕಮ್ಮ ನನ್ನನ್ನೇ ಗದರಿದರು.

ನಮ್ಮ ಬಸ್ಸು ಬಂದಾಗ ಕಂಡಕ್ಟರ್ ಇಲ್ಲದ್ದು ಅವರಿಗೆ ಇನ್ನೊಂದು ಆಘಾತ. ಟಿಕೆಟ್ಟನ್ನೂ ಚಿಲ್ಲರೆಯನ್ನೂ ದಾರಿ ಕೇಳುವ ಅಜ್ಜಿಯರನ್ನೂ ಚಾಲಕನೊಬ್ಬನೇ ಸಂಭಾಳಿಸಬೇಕು. ವಾರದ ದಿನಗಳಲ್ಲಿ ಹಿರಿಯರ ಉಚಿತ ಪಾಸು ಸಾಮಾನ್ಯವಾಗಿ ಒಂಬತ್ತೂವರೆಯ ನಂತರವೇ ಊರ್ಜಿತವಾದ್ದರಿಂದ, ಅದಕ್ಕೆ ಎರಡು ನಿಮಿಷ ಮೊದಲು ಬಂದ ಬಸ್ಸಿನೆದುರು ಸಾಲುಗಟ್ಟಿದ ಹಿರಿಯರು ತಮ್ಮ ಚೀಲದೊಳಗೆ ಪಾಸನ್ನು ಹುಡುಕುವ ನಿಧಾನವನ್ನು ಕಣ್ಣಾರೆ ಕಾಣಬೇಕು. ಆ ದಿನ ಪಾಸು ಸಿಕ್ಕಿದ್ದು ಸರಿಯಾಗಿ ಒಂಬತ್ತೂವರೆಗೆ.

ಮುಂದೆ ಸ್ಟಿಫ್ಕಿ ಎಂಬ ಹಳ್ಳಿ. ಕರಾವಳಿಯ ಹೆದ್ದಾರಿಯೆನಿಸಿದ ಎ149 ಇಲ್ಲಿ ಚಕಮಕಿ ಕಲ್ಲಿನ ಎರಡು ಗೋಡೆಗಳ ನಡುವೆ ಎಷ್ಟು ಸೊರಗುತ್ತದೆಯೆಂದರೆ, ಎದುರಿನಿಂದ ಕ್ಯಾರವಾನ್ ಎಳೆದುಕೊಂಡು ಬಂದ ಪ್ರವಾಸಿಗನಿಗೆ ಮುಂದಕ್ಕೆ ಹೋಗಲಾಗಲಿಲ್ಲ, ಹಿಂದಕ್ಕೆ ಹೋಗಲು ಬರುತ್ತಿರಲಿಲ್ಲ. ಬಸ್ಸಿನ ಕಿಟಕಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವಿತ್ತು. ಕಲ್ಲಿನ ಸಂದಿನಲ್ಲಿ ಬೆಳೆದ ಪಾಚಿಯನ್ನು ನಾವು ಧಾರಾಳವಾಗಿ ಅಭ್ಯಾಸ ಮಾಡಿದೆವು. ಯಾರೂ ಹಾರ್ನ್ ಒತ್ತಲಿಲ್ಲ, ಯಾರೂ ಇಳಿದು ಬೈಯಲಿಲ್ಲ. ಇದು ಸಭ್ಯತೆಯೋ ಸೋಮಾರಿತನವೋ ಎಂದು ಚಿಕ್ಕಮ್ಮ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ವೆಲ್ಸ್ ತಲುಪುವಷ್ಟರಲ್ಲಿ ಮುಂದಿನ ಕಂಪನಿಯ ಬಸ್ಸು ಹೊರಟುಹೋಗಿತ್ತು. ಒಂದು ಸಲದ ಪ್ರಯಾಣಕ್ಕೆ ಮೂರು ಪೌಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಸರ್ಕಾರ 2025ರಲ್ಲಿ ತನ್ನ ಯೋಜನೆಗೆ ಸೇರಿದ ಕಂಪನಿಗಳಿಗೆ ಮಿತಿ ಹಾಕಿತು, ನಿಜ. ಆದರೆ ಬಸ್ಸು ಬದಲಾಯಿಸಿದರೆ ಅದು ಇನ್ನೊಂದು ಪ್ರಯಾಣ, ಇನ್ನೊಂದು ಟಿಕೆಟ್ಟು. ಕಾಯುವ ಹೊತ್ತಿಗೆ ಬಂದರುಕಟ್ಟೆಯ ಬಳಿ ಮೀನು, ಆಲೂಗಡ್ಡೆ ಕರಿದು ಕೊಡುವ ಅಂಗಡಿಯೇ ಗತಿ. ಮಲ್ಪೆಯ ಬಂಗುಡೆ ತಿಂದು ಬೆಳೆದ ಚಿಕ್ಕಮ್ಮ, ಹಿಟ್ಟಿನಲ್ಲಿ ಅದ್ದಿ ಕರಿದ ದೊಡ್ಡ ಬಿಳಿಯ ತುಂಡನ್ನು ಮುರಿದು ಬಾಯಿಗಿಟ್ಟು, ಸ್ವಲ್ಪ ಹೊತ್ತು ಸಮುದ್ರವನ್ನೇ ನೋಡಿ, ಗಂಭೀರವಾಗಿ ಕೇಳಿದರು: "ಮೀನು ಕರಿಯುವ ಕಂಪನಿ ಇದು, ಸರಿ. ಖಾರ ಹಚ್ಚುವ ಕಂಪನಿಯವರು ಎಷ್ಟು ಗಂಟೆಗೆ ಬರುತ್ತಾರೆ?"