600 ಕೆಜಿ ಅಂದ್ರೆ ಎಷ್ಟು ಜನ?

ಟೆರೇಸಿನ ಸ್ಟ್ಯಾಂಡಿನ ಕಾಲಿಗೆ ನನ್ನ ಕಾಲು ತಾಗಿ ಹೆಬ್ಬೆರಳಿನ ಉಗುರು ಇವತ್ತು ಬೆಳಿಗ್ಗೆ ಮೂರನೇ ಸಲ ಕಪ್ಪಾಯಿತು. ಉರಿ ಇಳಿಯುವುದರೊಳಗೆ ಬರೆದುಬಿಡುತ್ತೇನೆ.

ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಹೊಯ್ಯುವ ಉಡುಪಿಯಲ್ಲಿ ಕಳ್ಳಿ ಸಾಕುವವಳು ನಾನು. ಇಂಗ್ಲೆಂಡಿನಲ್ಲಿರುವ ಭಾವನಿಗೂ ಇದೇ ಕಾಯಿಲೆ, ನಮೂನೆ ಬೇರೆ. ಅವರು ಸಾಕುವುದು ಮರವೇ ಹುಟ್ಟದ ಎತ್ತರದ ಬೆಟ್ಟಗಳ ಕುಳ್ಳು ಗಿಡಗಳನ್ನು. ಅವಕ್ಕೊಂದು ಗಾಜಿನ ಮನೆ. ಚಳಿ ತಾಗಬಾರದೆಂದು ಕಟ್ಟಿದ್ದಿರಬೇಕು ಅಂದುಕೊಂಡಿದ್ದೆ. "ಚಳಿಗೆ ಅವಕ್ಕೆ ಏನೂ ಆಗುವುದಿಲ್ಲ ಮಾರಾಯ್ತಿ, ಚಳಿಗಾಲದ ಪಿರಿಪಿರಿ ಮಳೆಗೆ ಕೊಳೆಯುತ್ತವೆ" ಅಂದರು. ನನ್ನ ಕಳ್ಳಿಗಳ ಜಾತಕವೂ ಡಿಟ್ಟೋ.

ಅವರ ಉಪಾಯದ ಹೆಸರು ಪ್ಲಂಜ್ ಬೆಡ್. ಮೇಜಿನಂಥ ತೊಟ್ಟಿಯಲ್ಲಿ ಹೊಯ್ಗೆ, ಅಂದರೆ ಮರಳು ತುಂಬಿ, ಮಣ್ಣಿನ ಚಟ್ಟಿಗಳನ್ನು ಕುತ್ತಿಗೆವರೆಗೆ ಹೂತಿಡುವುದು. ನೀರು ಹಾಕುವುದು ಹೊಯ್ಗೆಗೆ. ಚಟ್ಟಿ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಬೇರು ಬೇಸಗೆಯಲ್ಲಿ ಬೇಯುವುದಿಲ್ಲ, ಚಳಿಗೆ ಹೆಪ್ಪುಗಟ್ಟುವುದಿಲ್ಲ. ಪ್ಲಾಸ್ಟಿಕ್ ಚಟ್ಟಿಯಾದರೆ ಈ ಆಟ ನಡೆಯದು. ನನ್ನ ಬಳಿ ಇದ್ದ ಅರುವತ್ತೂ ಪ್ಲಾಸ್ಟಿಕ್ಕೇ ಎಂಬುದು ಬೇರೆ ಮಾತು.

"ಬೆಡ್ಡು ಅಂದಮೇಲೆ ಮಂಚ ಬೇಕಲ್ಲ" ಅಂದರು ಇವರು, ಪೇಪರಿನಿಂದ ತಲೆ ಎತ್ತದೆ.

ಮಂಚದ ಆಯ್ಕೆ ಶುರುವಾಯಿತು. ಮರದ್ದಾದರೆ ಒರಲೆ, ಅಂದರೆ ಗೆದ್ದಲು. (ಲಂಡನ್ನಿನ ಕ್ಯೂ ಉದ್ಯಾನದಲ್ಲಿ 2006ರಲ್ಲಿ ತೆರೆದ, ಇಂಥದ್ದೇ ಬೆಟ್ಟದ ಗಿಡಗಳ ಆಲ್ಪೈನ್ ಮನೆಗೆ ಗಾಳಿಯಾಡುವ ಕ್ರಮವನ್ನು ಹುತ್ತ ನೋಡಿ ಕಲಿತದ್ದಂತೆ. ಅಲ್ಲಿ ಒರಲೆ ಗುರು, ಇಲ್ಲಿ ನಮ್ಮ ಬಾಗಿಲ ದಾರಂದವನ್ನೇ ತಿಂದು ಕೂತಿದೆ.) ಅಲ್ಯುಮಿನಿಯಂ ತುಕ್ಕು ಹಿಡಿಯದು, ಆದರೆ ಅಷ್ಟು ದಪ್ಪದ್ದು ತೆಗೆದುಕೊಳ್ಳಲು ಚಿನ್ನ ಅಡವಿಡಬೇಕು. ಉಳಿದದ್ದು ಕಬ್ಬಿಣ, ಅದನ್ನು ತಿನ್ನಲು ಮಲ್ಪೆಯ ಕಡಲಗಾಳಿ ತಯಾರು.

"ಮೊದಲು ಹೊಯ್ಗೆಯ ತೂಕ ಲೆಕ್ಕ ಹಾಕು" ಅಂದಿದ್ದರು ಭಾವ. 6 ಅಡಿ ಉದ್ದ, 3 ಅಡಿ ಅಗಲ, 8 ಇಂಚು ಆಳ. 12 ಘನ ಅಡಿ. ಒಂದು ಘನ ಅಡಿ ಒಣ ಹೊಯ್ಗೆಯೇ 45 ಕೆಜಿ ಹತ್ತಿರ ತೂಗುತ್ತದೆ. ನೀರು ಕುಡಿದರೆ ಒಟ್ಟು 600 ದಾಟುತ್ತದೆ. ಸ್ಟ್ಯಾಂಡನ್ನು ಸ್ಲ್ಯಾಬಿನ ನಡುವೆ ಇಡಬಾರದು, ಕೆಳಗೆ ಬೀಮ್ ಇರುವಲ್ಲೇ ಇಡಬೇಕು ಅಂತಾಯಿತು.

ವೆಲ್ಡಿಂಗಿನವರಿಗೆ ಈ ಲೆಕ್ಕ ಒಪ್ಪಿಸಿದೆ. ಅವರಿಗೆ ಕೆಜಿ ಅರ್ಥವಾಗುವುದಿಲ್ಲ. ಅವರದ್ದು ಜನದ ಲೆಕ್ಕ.

"600 ಅಂದ್ರೆ ಎಷ್ಟು ಜನ ಅಕ್ಕ?"

"ಹತ್ತು ಜನ ಆಗಬಹುದು."

"ಕೂತುಕೊಂಡಾ, ನಿಂತುಕೊಂಡಾ?"

"ಮಲಗಿಕೊಂಡು" ಅಂದೆ. ಹೊಯ್ಗೆ ಅಲ್ಲವೇ, ಮಲಗಿಯೇ ಇರುತ್ತದೆ. ಅಲ್ಲಿ ನಾನು ಬಾಯಿ ಮುಚ್ಚಬೇಕಿತ್ತು. ಅವರು ಒಂದೊಂದೇ ಆ್ಯಂಗಲ್ ಎತ್ತಿ ತೋರಿಸಿದರು. ಇದು ನಾಲ್ಕು ಜನ, ಇದು ಆರು ಜನ, ಇದು ಮದುವೆ ದಿಬ್ಬಣ. ದಿಬ್ಬಣವನ್ನೇ ಆರಿಸಿದೆವು. ಹತ್ತು ಜನ ಒಂದೇ ಬದಿಗೆ ವಾಲಿದರೂ ಮಗುಚಬಾರದೆಂದು ಕಾಲುಗಳನ್ನು ಅರ್ಧ ಅಡಿ ಹೊರಗೆ ಚಾಚಿಸಿದರು. ನನ್ನ ಉಗುರಿನ ಮರಣಪತ್ರ ಅಲ್ಲಿಯೇ ಬರೆಯಲ್ಪಟ್ಟಿತು.

ಸ್ಟ್ಯಾಂಡು ಟೆರೇಸಿಗೆ ಬಂದ ದಿನ "ಗಟ್ಟಿ ಉಂಟಲ್ಲ?" ಅಂತ ಕೇಳಿದ್ದೇ ಕೇಳಿದ್ದು, ವೆಲ್ಡಿಂಗಿನವರು "ದಾಲಾ ಆಪುಜಿ ಅಕ್ಕ" (ಏನೂ ಆಗುವುದಿಲ್ಲ) ಅನ್ನುತ್ತಾ ಬಿಳಿ ಮುಂಡು ಸರಿಮಾಡಿಕೊಂಡು ಅದರ ಮೇಲೆ ಹತ್ತಿ ಅಂಗಾತ ಮಲಗಿಬಿಟ್ಟರು. ಎದೆಯ ಮೇಲೆ ಎರಡೂ ಕೈ. ಕಣ್ಣು ಮುಚ್ಚಿದೆ. "ಇನ್ನೂ ಒಂಬತ್ತು ಜನಕ್ಕೆ ತಾಕತ್ತು ಉಂಟು" ಅಂತ ಬಾಯಿ ಮಾತ್ರ ಆಡುತ್ತಿದೆ. ಬಿಸಿಲಿಗೆ ಕಬ್ಬಿಣ ಹಿತವಾಯಿತೋ ಏನೋ, ಏಳಲೊಲ್ಲರು. ನಾನು ಪಕ್ಕದಲ್ಲಿ ಸೆರಗಿನಿಂದ ಬೆವರು ಒರೆಸುತ್ತಾ ನಿಂತಿದ್ದೆ. ಇವರು ಕೈಕಟ್ಟಿ ತಲೆ ತಗ್ಗಿಸಿ ವೆಲ್ಡಿಂಗ್ ನೋಡುತ್ತಿದ್ದರು.

ಐದೇ ನಿಮಿಷದಲ್ಲಿ ಎದುರು ಮನೆಯಿಂದ ಫೋನ್. "ಅತ್ತೆ ಯಾವಾಗ ಹೋದದ್ದು?" ಅಂತ ಮೆಲ್ಲ ಸ್ವರ. ಫೋನ್ ಎತ್ತಿದ್ದು ಅತ್ತೆಯೇ. "ಎಲ್ಲಿಗೆ?" ಅಂದರಂತೆ.

ಹೊಯ್ಗೆ ತಂದ ಪಾಡು ಹೇಳುವುದಿಲ್ಲ. "ಮಲ್ಪೆಯಲ್ಲಿ ಬೇಕಾದಷ್ಟು ಉಂಟಲ್ಲ ಅಮ್ಮ" ಅಂದ ಮಗನಿಗೆ ಉಪ್ಪಿನ ವಿಚಾರ ವಿವರಿಸಿದ್ದನ್ನೂ ಹೇಳುವುದಿಲ್ಲ. ಕೊನೆಗೊಮ್ಮೆ ಚಟ್ಟಿಗಳನ್ನು ಹೂತು ನೀರು ಚಿಮುಕಿಸಿದಾಗ ಒಂದು ವಾಸನೆ ಎದ್ದಿತು. ಅಜ್ಜಿ ಮನೆಯ ಜಗಲಿ ಮೂಲೆಯದ್ದು. ಅಲ್ಲಿ ಒದ್ದೆ ಹೊಯ್ಗೆಯ ಗುಪ್ಪೆಯ ಮೇಲೆ ಮಣ್ಣಿನ ಹೂಜಿ ಕೂತಿರುತ್ತಿತ್ತು. ಶಾಲೆಯಿಂದ ಬಂದವರು ಮೊದಲು ಆ ಹೊಯ್ಗೆಗೆ ಕೈ ಹಾಕಿ ತಂಪು ಮಾಡಿಕೊಂಡು, ಆಮೇಲೆ ನೀರು ಕುಡಿದು ಬೈಸಿಕೊಳ್ಳುತ್ತಿದ್ದೆವು. ಅಜ್ಜಿ ಅದನ್ನು ಬೆಡ್ಡು ಅನ್ನಲಿಲ್ಲ.

ಮೊದಲ ವಾರ ಬೀದಿಯ ಬೆಕ್ಕುಗಳೆಲ್ಲ ಬಂದು ಅದನ್ನು ಸಾರ್ವಜನಿಕ ಶೌಚಾಲಯವೆಂದು ಉದ್ಘಾಟಿಸಿದವು. ಮೇಲೆ ಜಲ್ಲಿ ಹರಡಿದ ಮೇಲೆ ಬಿಟ್ಟವು. ಈಗ ಆಟಿ, ತುಳುವರ ಜಡಿಮಳೆಯ ತಿಂಗಳು. ಮೇಲೆ ಶೀಟು ಇದೆ, ಕಳ್ಳಿಗಳು ಬದುಕಿವೆ. ಆದರೆ ಇವತ್ತು ಬೆಳಿಗ್ಗೆ ನಾನು ಎಡವಿದ್ದು ಸುಮ್ಮನೆ ಅಲ್ಲ. ಕಳ್ಳಿಗಳ ನಡುವೆ ಹಸಿರು ಎಲೆ ಬಿಟ್ಟು ಸಾಲಾಗಿ ನಿಂತ ಹದಿನಾಲ್ಕು ಸಸಿ ಕಂಡು ಓಡಿದ್ದಕ್ಕೆ.

"ಹಲಸಿನ ಬೀಜ" ಅಂದರು ಅತ್ತೆ. "ಹೊಯ್ಗೆಯಲ್ಲಿ ಹೂತಿಟ್ಟರೆ ಮಳೆಗಾಲವಿಡೀ ಸೌತೆ ಹುಳಿಗೆ ಆಗುತ್ತದೆ. ಅಷ್ಟು ಜಾಗ ಖಾಲಿ ಬಿದ್ದಿತ್ತಲ್ಲ ನಿನ್ನದು. ನೀನೇ ನೀರು ಜಾಸ್ತಿ ಮಾಡಿದ್ದು."

ಸಿಟ್ಟಿನಲ್ಲಿ ಫೋಟೊ ತೆಗೆದು ಭಾವನಿಗೆ ಕಳಿಸಿದೆ. ಕೂಡಲೇ ಕರೆ ಬಂತು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

"ಮೊಳಕೆ ಬಾರದ್ದು ಎಷ್ಟು ಉಂಟು?" ಅಂದರು.