ಪಟ್ಟಿಯಲ್ಲಿದ್ದಾರೆ, ಮೈದಾನದಲ್ಲಿಲ್ಲ

ಸಿಇಟಿ ಮುಗಿಸಿ ಆಪ್ಷನ್ ಎಂಟ್ರಿಗೆ ಕೂತ ಮಕ್ಕಳಿಗೆ ಒಂದು ಸಮಾಧಾನವಾದರೂ ಇರುತ್ತದೆ. ರ‍್ಯಾಂಕ್ ಎಷ್ಟೆಂದು ಗೊತ್ತು, ಹೋದ ವರ್ಷದ ಕಟ್‌ಆಫ್ ಗೊತ್ತು, ಬಂದ ಸೀಟು ಹಿಡಿಸದಿದ್ದರೆ ಮುಂದಿನ ಸುತ್ತಿಗೆ ಕಾಯಬಹುದು. 2012ರ ಆಗಸ್ಟ್‌ನಲ್ಲಿ ವೆಂಬ್ಲಿಯಲ್ಲಿ 80 ಸಾವಿರ ಜನರ ಮುಂದೆ ಜಪಾನನ್ನು 2-1ರಿಂದ ಸೋಲಿಸಿ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಫುಟ್‌ಬಾಲ್ ಆಟಗಾರ್ತಿಯರಿಗೆ ಆ ಭಾಗ್ಯ ಇರಲಿಲ್ಲ. ಪದಕ ತಂದು ಐದು ತಿಂಗಳೂ ಆಗಿರಲಿಲ್ಲ, ಅಷ್ಟರಲ್ಲಿ ಫೆಡರೇಷನ್‌ನಿಂದ ಕರೆ ಬಂತು: ನ್ಯಾಷನಲ್ ವಿಮೆನ್ಸ್ ಸಾಕರ್ ಲೀಗ್ ಎಂಬ ಹೊಸ ಲೀಗ್ ಶುರುವಾಗುತ್ತಿದೆ, ನಿಮಗಿಷ್ಟವಾದ ಕ್ಲಬ್‌ಗಳ ಹೆಸರನ್ನು ಕ್ರಮವಾಗಿ ಬರೆದುಕೊಡಿ. ಬರೆದುಕೊಟ್ಟರು. ಕ್ಲಬ್‌ಗಳೂ ತಮಗೆ ಬೇಕಾದವರ ಹೆಸರು ಬರೆದುಕೊಟ್ಟವು. ಎರಡೂ ಚೀಟಿಗಳು ಒಂದು ಕೋಣೆಯೊಳಕ್ಕೆ ಹೋದವು. 2013ರ ಜನವರಿ 11ರಂದು ಆ ಕೋಣೆಯಿಂದ ಒಂದು ಪಟ್ಟಿ ಹೊರಬಂತು. ಯಾರು ಏನು ಬರೆದಿದ್ದರು, ಯಾವ ಲೆಕ್ಕದಲ್ಲಿ ಯಾರನ್ನು ಎಲ್ಲಿಗೆ ಹಾಕಿದರು ಎನ್ನುವುದು ಮಾತ್ರ ಹೊರಬರಲಿಲ್ಲ. ನಮ್ಮ ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ಅಲ್ಲಿ ಪತಿ-ಪತ್ನಿ ಪ್ರಕರಣ ಅಂತ ಒಂದು ಕಾಲಂ ಆದರೂ ಇರುತ್ತದೆ.

ಇದಕ್ಕೆಲ್ಲ ಕಾರಣ ಹಳೆಯ ಗಾಯ. 2001ರಲ್ಲಿ ಶುರುವಾದ ಮೊದಲ ವೃತ್ತಿಪರ ಮಹಿಳಾ ಲೀಗ್ ಸಿಕ್ಕಾಪಟ್ಟೆ ದುಡ್ಡು ಸುರಿದು 2003ರಲ್ಲಿ ಬಾಗಿಲು ಹಾಕಿತು. 2009ರಲ್ಲಿ ಬಂದ ಎರಡನೆಯದು ಮೂರು ಸೀಸನ್ ಆಡಿ 2012ರಲ್ಲಿ ಮುಗಿಯಿತು. ಮೂರನೆಯದು ಬದುಕಬೇಕಾದರೆ ದುಬಾರಿ ಸಂಬಳದ ಭಾರ ಕ್ಲಬ್‌ಗಳ ಮೇಲೆ ಬೀಳಬಾರದು ಎಂದು ಒಂದು ಉಪಾಯ ಹೂಡಿದರು. ರಾಷ್ಟ್ರೀಯ ತಂಡದವರ ಸಂಬಳವನ್ನು ಆಯಾ ದೇಶದ ಫೆಡರೇಷನ್ನೇ ಕೊಡುವುದು, ಕ್ಲಬ್‌ಗಳಿಗೆ ಅವರು ಪುಕ್ಕಟೆ. ಅಮೆರಿಕದ ಜೊತೆ ಕೆನಡಾ, ಮೆಕ್ಸಿಕೊ ಕೂಡ ಕೈಜೋಡಿಸಿದವು. ಉಪಾಯ ಕೆಟ್ಟದ್ದೇನಲ್ಲ, ಲೀಗ್ ಬದುಕಿದ್ದೇ ಅದರಿಂದ. ಆದರೆ ಸಂಬಳ ಕೊಡುವವರು, ಆಟಗಾರ್ತಿಯನ್ನು ಹಂಚುವವರು, ಲೀಗ್ ನಡೆಸುವವರು, ರಾಷ್ಟ್ರೀಯ ತಂಡ ಆರಿಸುವವರು ಎಲ್ಲರೂ ಒಂದೇ ಸೂರಿನಡಿ ಕೂತರೆ ತಕರಾರು ಅರ್ಜಿಯನ್ನು ಯಾವ ಟೇಬಲ್ಲಿಗೆ ಕೊಡುವುದು?

ಹಂಚಿಕೆಯ ಲೆಕ್ಕ ಮಾತ್ರ ರೇಷನ್ ಅಂಗಡಿಯಷ್ಟು ಚೊಕ್ಕ. ಎಂಟು ಕ್ಲಬ್. ಒಂದೊಂದಕ್ಕೂ ಗರಿಷ್ಠ ಮೂವರು ಅಮೆರಿಕದವರು, ಇಬ್ಬರು ಕೆನಡಾದವರು, ಇಬ್ಬರು ಮೆಕ್ಸಿಕೊದವರು, ಒಟ್ಟು ಏಳು. ಅಮೆರಿಕ ಕೊಟ್ಟದ್ದು 23, ಉಳಿದೆರಡು ದೇಶಗಳು ತಲಾ 16, ಕೂಡಿದರೆ 55. ಎಂಟೇಳಲಿ 56 ಆಗಬೇಕಿತ್ತಲ್ಲ, ಒಂದು ತಲೆ ಕಡಿಮೆ. ಹಾಗಾಗಿ ರೋಚೆಸ್ಟರ್‌ನ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಷ್‌ಗೆ ಅಮೆರಿಕದವರು ಇಬ್ಬರೇ ಸಿಕ್ಕರು. ತೂಕದಲ್ಲಿ ಕಡಿಮೆಯಾಯಿತೆಂದು ಅವರೇನೂ ಗಲಾಟೆ ಮಾಡಲಿಲ್ಲ, ಯಾಕೆಂದರೆ ಬಂದ ಇಬ್ಬರು ಆ್ಯಬಿ ವಾಂಬಾಕ್ ಮತ್ತು ಕಾರ್ಲಿ ಲಾಯ್ಡ್.

ಆ ಇಬ್ಬರನ್ನೇ ನೋಡಿ. ವಾಂಬಾಕ್ ಹುಟ್ಟಿ ಬೆಳೆದದ್ದು ರೋಚೆಸ್ಟರ್‌ನಲ್ಲಿ, ಪೋಸ್ಟಿಂಗ್ ಸಿಕ್ಕಿದ್ದೂ ರೋಚೆಸ್ಟರ್‌ಗೆ. ಸ್ವಂತ ಊರು, ಅಮ್ಮನ ಮನೆ ಊಟ. ಲಾಯ್ಡ್ ನ್ಯೂಜೆರ್ಸಿಯವರು. ನ್ಯೂಜೆರ್ಸಿಯಲ್ಲಿ ಸ್ಕೈ ಬ್ಲೂ ಎಂಬ ಕ್ಲಬ್ ಇತ್ತು, ಅದೇ ಎಂಟರಲ್ಲಿ ಒಂದು. ಲಾಯ್ಡ್‌ಗೂ ರೋಚೆಸ್ಟರೇ ಬಂತು. ಒಲಿಂಪಿಕ್ ಫೈನಲ್‌ನ ಎರಡೂ ಗೋಲು ಹೊಡೆದವರು ಆಕೆ. ಎರಡು ಗೋಲಿಗೆ ಗ್ರೇಸ್ ಮಾರ್ಕ್ಸ್ ಕೊಡುವ ನಿಯಮ ಇರಲಿಲ್ಲವೆಂದು ಕಾಣುತ್ತದೆ.

ಪೋರ್ಟ್‌ಲ್ಯಾಂಡ್‌ಗೆ ಮಾತ್ರ ಲಾಟರಿ ಹೊಡೆಯಿತು: ಅಲೆಕ್ಸ್ ಮೋರ್ಗನ್, ಟೋಬಿನ್ ಹೀತ್, ಮೇಲೆ ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್. ಅಮೆರಿಕದಲ್ಲಿ ಆ ಹೊತ್ತಿಗೆ ಅತಿ ಹೆಚ್ಚು ಪೋಸ್ಟರ್ ಮಾರುತ್ತಿದ್ದ ಮುಖ ಮತ್ತು ಲಂಡನ್ ಒಲಿಂಪಿಕ್ಸ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಕಾಲು, ಎರಡೂ ಒಂದೇ ಮನೆಗೆ. ಪುರುಷರ ಕ್ಲಬ್ಬಿನ ಮಾಲೀಕರದೇ ತಂಡ, ಅವರದೇ ಸ್ಟೇಡಿಯಂ, ಮೊದಲ ಸೀಸನ್‌ನಲ್ಲೇ ಪಂದ್ಯಕ್ಕೆ ಸರಾಸರಿ 13 ಸಾವಿರಕ್ಕೂ ಹೆಚ್ಚು ಜನ. ಸ್ಕೈ ಬ್ಲೂ ಮೈದಾನದಲ್ಲಿ ಸರಾಸರಿ ಎರಡು ಸಾವಿರ ಮುಟ್ಟಲಿಲ್ಲ. ಲೀಗ್ ಹೇಳಿದ್ದು ಸಮತೋಲನ ಎಂದು. ತಕ್ಕಡಿಯ ಒಂದು ತಟ್ಟೆ ನೆಲಕ್ಕೆ ತಾಗಿದರೂ ಅದಕ್ಕೆ ಸಮತೋಲನ ಎನ್ನುವುದು ಎಲ್ಲ ದೇಶದ ಇಲಾಖೆಗಳ ಪದ್ಧತಿ.

ಆದರೆ ಈ ಪಟ್ಟಿಯ ನಿಜವಾದ ಕಲೆ ಕಾಣಬೇಕಾದರೆ ಸಿಯಾಟಲ್‌ಗೆ ಹೋಗಬೇಕು. ಸಿಯಾಟಲ್ ರೇನ್‌ಗೆ ಸಿಕ್ಕ ಮೂವರು ಅಮೆರಿಕದವರು: ಗೋಲ್‌ಕೀಪರ್ ಹೋಪ್ ಸೋಲೊ, ಮಿಡ್‌ಫೀಲ್ಡರ್ ಮೇಗನ್ ರಪಿನೊ, ಫಾರ್ವರ್ಡ್ ಏಮಿ ರೋಡ್ರಿಗಸ್. ಹಿಂದೆ ಒಬ್ಬರು, ನಡುವೆ ಒಬ್ಬರು, ಮುಂದೆ ಒಬ್ಬರು. ಕಾಗದದ ಮೇಲೆ ಇದಕ್ಕಿಂತ ಚೆಂದದ ಬೆನ್ನೆಲುಬು ಎಲ್ಲೂ ಇಲ್ಲ. ಏಪ್ರಿಲ್‌ನಲ್ಲಿ ಲೀಗ್ ಶುರುವಾದಾಗ ಪರಿಸ್ಥಿತಿ ಹೀಗಿತ್ತು. ರಪಿನೊ ಫ್ರಾನ್ಸ್‌ನ ಲಿಯೋನ್ ಕ್ಲಬ್ಬಿಗೆ ಆಡುತ್ತಿದ್ದರು, ಅಲ್ಲಿನ ಸೀಸನ್ ಮುಗಿಯುವ ತನಕ ಬರುವಂತಿರಲಿಲ್ಲ. ಸೋಲೊ ಮಾರ್ಚ್‌ನಲ್ಲಿ ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗೋಲ್‌ಕೀಪರ್‌ಗೆ ಮಣಿಕಟ್ಟು ಎಂದರೆ ಬಡಗಿಗೆ ಉಳಿ ಇದ್ದ ಹಾಗೆ. ರೋಡ್ರಿಗಸ್ ತಾಯಿಯಾಗುವವರಿದ್ದರು, ಪಟ್ಟಿ ಪ್ರಕಟವಾಗಿ ಕೆಲವೇ ವಾರಗಳಲ್ಲಿ ಆ ಸಿಹಿಸುದ್ದಿ ಬಂದಿತ್ತು. ಅಂದರೆ ಬೆನ್ನೆಲುಬಿನ ಮೂರು ಎಲುಬೂ ಬೇರೆ ಕಡೆ ಇದ್ದವು.

ಇದರಲ್ಲಿ ಆ ಮೂವರ ತಪ್ಪು ಒಂದೂ ಇಲ್ಲ. ತಪ್ಪು ಹಾಜರಿ ತೆಗೆದುಕೊಳ್ಳದೆ ಸೀಟು ಹಂಚಿದವರದ್ದು. ಯಾರು ಯಾವ ತಿಂಗಳಿಂದ ಸಿಗುತ್ತಾರೆ ಎಂಬ ಒಂದು ಕಾಲಂ ಆ ಪಟ್ಟಿಯಲ್ಲಿದ್ದಿದ್ದರೆ, ಸಿಗದವರನ್ನು ಒಂದೇ ಮನೆಗೆ ಗುಡ್ಡೆ ಹಾಕದೆ ಹರಡಬಹುದಿತ್ತು. ಆ ಕಾಲಂ ಇಲ್ಲದ ಫಲವಾಗಿ ಸಿಯಾಟಲ್ ಮೊದಲ ಹತ್ತು ಪಂದ್ಯಗಳಲ್ಲಿ ಒಂಬತ್ತು ಸೋತು ಒಂದು ಡ್ರಾ ಮಾಡಿಕೊಂಡಿತು. ಇಡೀ ಸೀಸನ್ನಿಗೆ ಇದ್ದದ್ದು 22 ಪಂದ್ಯ. ಮನೆಯವರು ಒಬ್ಬೊಬ್ಬರಾಗಿ ಬರುವಷ್ಟರಲ್ಲಿ ಮದುವೆ ಊಟದ ಎಲೆ ಎತ್ತಿಯಾಗಿತ್ತು. ಬೋಸ್ಟನ್‌ಗೆ ಹಂಚಿದ್ದ ಹೆದರ್ ಮಿಟ್ಸ್ ಮಾರ್ಚ್‌ನಲ್ಲಿ ನಿವೃತ್ತಿ ಘೋಷಿಸಿದರು. ಶಿಕಾಗೊದ ಏಮಿ ಲೆಪೆಲ್‌ಬೆಟ್ ಮೊಣಕಾಲು ಕೆಟ್ಟು ಆ ವರ್ಷ ಆಡಲೇ ಇಲ್ಲ. ಪೋರ್ಟ್‌ಲ್ಯಾಂಡ್‌ನ ಹೀತ್ ಕೂಡ ಪ್ಯಾರಿಸ್‌ನಲ್ಲಿದ್ದರು, ಬಂದದ್ದು ಅರ್ಧ ಸೀಸನ್ ಕಳೆದ ಮೇಲೆ. ಆದರೆ ಅದೃಷ್ಟವಂತರ ಮನೆಗೆ ತಡವಾಗಿ ಬಂದ ನೆಂಟರೂ ಸಕ್ಕರೆ ಹಿಡಿದೇ ಬರುತ್ತಾರೆ: ಆಗಸ್ಟ್ 31ರ ಫೈನಲ್‌ನಲ್ಲಿ ರೋಚೆಸ್ಟರ್ ತಂಡದ ವಿರುದ್ಧ ಫ್ರೀ ಕಿಕ್‌ನಲ್ಲಿ ಮೊದಲ ಗೋಲು ಹೊಡೆದವರು ಹೀತ್, ಎರಡನೆಯದು ಸಿಂಕ್ಲೇರ್.

ಸಿಯಾಟಲ್ ಕಥೆಗೆ ಇನ್ನೊಂದು ಬಾಲವಿದೆ. ಸಿಯಾಟಲ್ ಅಂಗಿಯಲ್ಲಿ ಒಂದು ನಿಮಿಷವೂ ಆಡದ ರೋಡ್ರಿಗಸ್ ಮುಂದಿನ ವರ್ಷ ಕಾನ್ಸಾಸ್ ಸಿಟಿಗೆ ಹೋದರು. 2014ರ ಫೈನಲ್‌ನಲ್ಲಿ ಎದುರಾದದ್ದು ಸಿಯಾಟಲ್. ಕಾನ್ಸಾಸ್ ಸಿಟಿ 2-1ರಿಂದ ಗೆದ್ದಿತು, ಎರಡೂ ಗೋಲು ರೋಡ್ರಿಗಸ್ ಅವರದೇ. ಹಂಚಿಕೆ ಕೋಣೆಯವರ ಲೆಕ್ಕದಲ್ಲಿ ಆಕೆ ಕೊನೆಗೂ ಸಿಯಾಟಲ್ ಪಂದ್ಯದಲ್ಲಿ ಆಡಿದಂತಾಯಿತು.

ಇನ್ನು ದುಡ್ಡಿನ ಮಾತು. ಒಂದೇ ಡ್ರೆಸಿಂಗ್ ರೂಮ್, ಎರಡು ಸಂಬಳ ಪಟ್ಟಿ. ಫೆಡರೇಷನ್‌ನಿಂದ ಬಂದವರ ಸಂಬಳ ಕ್ಲಬ್ಬಿನ ಲೆಕ್ಕಕ್ಕೇ ಬರುವುದಿಲ್ಲ. ಉಳಿದವರಿಗೆಲ್ಲ ಸೇರಿ ಇಡೀ ಕ್ಲಬ್ಬಿಗೆ ಮೊದಲ ವರ್ಷದ ಮಿತಿ 2 ಲಕ್ಷ ಡಾಲರ್. ಒಬ್ಬರಿಗೆ ಕೊಡಬಹುದಾದ ಗರಿಷ್ಠ 30 ಸಾವಿರ, ಕನಿಷ್ಠ 6 ಸಾವಿರ. ತಿಂಗಳಿಗಲ್ಲ, ಇಡೀ ಸೀಸನ್‌ಗೆ. ಆ ಕನಿಷ್ಠ ಮೊತ್ತ ಆಗಿನ ದರದಲ್ಲಿ ಸುಮಾರು ಮೂರೂಕಾಲು ಲಕ್ಷ ರೂಪಾಯಿ. ಅಷ್ಟರಲ್ಲಿ ಅಮೆರಿಕದ ನಗರದಲ್ಲಿ ಬಾಡಿಗೆ ಮನೆ ಕನಸು, ಹಾಗಾಗಿ ಎಷ್ಟೋ ವೃತ್ತಿಪರ ಆಟಗಾರ್ತಿಯರು ಅಭಿಮಾನಿ ಕುಟುಂಬಗಳ ಮನೆಯ ಖಾಲಿ ಕೋಣೆಯಲ್ಲಿ ಉಳಿದರು. ವಾರಾನ್ನದ ಹುಡುಗರ ಕಾಲ ಮುಗಿಯಿತು ಎಂದುಕೊಂಡಿದ್ದವರು ಇದನ್ನು ಗಮನಿಸಬೇಕು. ಹತ್ತು ವರ್ಷ ಕಳೆದ ಮೇಲೆ, 2023ರಲ್ಲಿ, ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಇಂಡಿಯನ್ ವಿಮೆನ್ಸ್ ಲೀಗ್‌ನ ಕ್ಲಬ್‌ಗಳು ಕನಿಷ್ಠ ಹತ್ತು ಆಟಗಾರ್ತಿಯರಿಗೆ ವರ್ಷಕ್ಕೆ ಇಂತಿಷ್ಟು ಕೊಡಲೇಬೇಕೆಂದು ನಿಗದಿ ಮಾಡಿತು. ಎಷ್ಟು? 3.2 ಲಕ್ಷ. ಬಡತನಕ್ಕೂ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ ಎನ್ನುವುದು ಗೊತ್ತಾದದ್ದು ಆಗಲೇ.

ಮೆಕ್ಸಿಕೊ ಕೆಲವು ವರ್ಷಗಳಲ್ಲಿ ಈ ಏರ್ಪಾಡಿನಿಂದ ಕಳಚಿಕೊಂಡಿತು. 2017ರಲ್ಲಿ ಅದರದೇ ಲೀಗ್ ಶುರುವಾಯಿತು. ಅಮೆರಿಕದಲ್ಲಿ ಮಾತ್ರ ಹಂಚಿಕೆ ಬೆಳೆದು ಕಂದಾಯ ಇಲಾಖೆಯಾಯಿತು. ಆಟಗಾರ್ತಿ ಎಲ್ಲಿದ್ದಾರೆ ಎನ್ನುವುದು ಒಂದು ವಿಷಯ, ಆಕೆಯ ‘ಹಕ್ಕು’ ಯಾರ ಹೆಸರಿನಲ್ಲಿದೆ ಎನ್ನುವುದು ಬೇರೆಯೇ ವಿಷಯ. ಅನುಭವ ಒಬ್ಬರದು, ಪಹಣಿ ಇನ್ನೊಬ್ಬರದು. 2018ರ ಜನವರಿಯಲ್ಲಿ ಮೂರು ಕ್ಲಬ್‌ಗಳು ಸೇರಿ ಒಂದು ಖಾತೆ ಬದಲಾವಣೆ ಮಾಡಿಕೊಂಡವು. ಅದರಲ್ಲಿ ಲಾಯ್ಡ್ ಕೊನೆಗೂ ನ್ಯೂಜೆರ್ಸಿ ಸೇರಿದರು, ಐದು ವರ್ಷ ತಡವಾಗಿ. ಅದೇ ವಹಿವಾಟಿನಲ್ಲಿ ಶಿಕಾಗೊದಿಂದ ಹ್ಯೂಸ್ಟನ್‌ಗೆ ಬರೆದುಕೊಟ್ಟ ಕ್ರಿಸ್ಟನ್ ಪ್ರೆಸ್ ಹ್ಯೂಸ್ಟನ್‌ಗೆ ಹೋಗಲೇ ಇಲ್ಲ, ಸ್ವೀಡನ್‌ಗೆ ವಿಮಾನ ಹತ್ತಿದರು. ಹ್ಯೂಸ್ಟನ್ ಕೈಯಲ್ಲಿ ಪಹಣಿ ಉಳಿಯಿತು, ಜಮೀನು ಸ್ವೀಡನ್ನಿನ ಯೂತೆಬೊರಿಯಲ್ಲಿ ಗೋಲು ಹೊಡೆಯುತ್ತಿತ್ತು. ಕೆಲವು ತಿಂಗಳ ಬಳಿಕ ಆ ಪಹಣಿ ಯೂಟಾಕ್ಕೆ ಹೋಯಿತು, ಪ್ರೆಸ್ ಯೂಟಾಕ್ಕೆ ಬಂದರು.

2020ರಲ್ಲಿ ಈ ಶಾಸ್ತ್ರ ಶಿಖರ ಮುಟ್ಟಿತು. ಆ ವರ್ಷ ‘ಅಲೊಕೇಷನ್ ಮನಿ’ ಎಂಬ ಹೊಸ ನಾಣ್ಯ ಚಾಲ್ತಿಗೆ ಬಂದಿತ್ತು. ದರ್ಶಿನಿಯ ಟೋಕನ್ ಥರ, ಆ ಕೌಂಟರಿನಲ್ಲಿ ಮಾತ್ರ ನಡೆಯುತ್ತದೆ. ಬಿಡಿಸಿ ಹೇಳಬೇಕೆಂದರೆ, ಸಂಬಳದ ಮಿತಿ ದಾಟಿ ಇನ್ನೂ 3 ಲಕ್ಷ ಡಾಲರ್ ತನಕ ಖರ್ಚು ಮಾಡಲು ಕ್ಲಬ್ಬಿಗೆ ಕೊಟ್ಟ ಅನುಮತಿ, ಆ ಅನುಮತಿಯನ್ನೇ ಕ್ಲಬ್‌ಗಳು ಒಂದಕ್ಕೊಂದು ಮಾರಿಕೊಳ್ಳಬಹುದು. ಆಗಸ್ಟ್‌ನಲ್ಲಿ ರೋಸ್ ಲವೆಲ್ ಇಂಗ್ಲೆಂಡ್‌ನ ಮ್ಯಾಂಚೆಸ್ಟರ್ ಸಿಟಿಗೆ ಹೊರಟಿದ್ದರು. ವಾಷಿಂಗ್ಟನ್ ಆಕೆಯ ಹಕ್ಕನ್ನು ಇಂಥ 1 ಲಕ್ಷ ಡಾಲರ್ ಟೋಕನ್ ಮತ್ತು 2022ರ ಡ್ರಾಫ್ಟ್‌ನ (ಕಾಲೇಜು ಆಟಗಾರ್ತಿಯರನ್ನು ಕ್ಲಬ್‌ಗಳು ಸರದಿಯಂತೆ ಆರಿಸಿಕೊಳ್ಳುವ ಏರ್ಪಾಡು) ಮೊದಲ ಸುತ್ತಿನ ಒಂದು ಸರದಿಗೆ ರೇನ್‌ಗೆ ಮಾರಿತು. ಬಸ್ಸು ಮ್ಯಾಂಚೆಸ್ಟರ್‌ಗೆ ಹೊರಟಿದೆ, ಇಲ್ಲಿ ಇಬ್ಬರು ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದಾರೆ.

ನವೆಂಬರ್‌ನಲ್ಲಿ ಹೊಸ ಕ್ಲಬ್ ರೇಸಿಂಗ್ ಲೂಯಿವಿಲ್ ತಂಡ ಕಟ್ಟುವ ಸರದಿ ಬಂತು. ಹೊಸ ಸೊಸೆಗೆ ಹಳೆ ಮನೆಗಳವರು ಪಾತ್ರೆ ಕೊಡುವ ಶಾಸ್ತ್ರಕ್ಕೆ ಅಲ್ಲಿ ‘ಎಕ್ಸ್‌ಪಾನ್ಷನ್ ಡ್ರಾಫ್ಟ್’ ಎನ್ನುತ್ತಾರೆ. ಹಳೆಯ ಕ್ಲಬ್‌ಗಳು ಬಿಟ್ಟುಕೊಡಲಾಗದವರನ್ನು ಬಚ್ಚಿಟ್ಟುಕೊಳ್ಳುತ್ತವೆ, ಉಳಿದವರಲ್ಲಿ ಹೊಸಬರು ಆರಿಸಿಕೊಳ್ಳಬೇಕು. ಲೂಯಿವಿಲ್ ಆರಿಸಿಕೊಂಡದ್ದು ಟೋಬಿನ್ ಹೀತ್ ಮತ್ತು ಕ್ರಿಸ್ಟನ್ ಪ್ರೆಸ್. ಇಬ್ಬರೂ ಅವತ್ತು ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಆಡುತ್ತಿದ್ದರು. ಇಬ್ಬರೂ ಲೂಯಿವಿಲ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಪ್ರೆಸ್ ಹಕ್ಕು 2021ರಲ್ಲಿ ಲಾಸ್ ಏಂಜಲೀಸ್‌ನ ಏಂಜೆಲ್ ಸಿಟಿಗೆ, ಹೀತ್ ಹಕ್ಕು 2022ರಲ್ಲಿ ರೇನ್‌ಗೆ ಮಾರಾಟವಾಯಿತು. ಬಾರದ ಹಸುವಿನ ಹಾಲು ಕರೆದು ಡೇರಿಗೆ ಹಾಕುವ ಈ ವಿದ್ಯೆಯನ್ನು ಮಂಡ್ಯದವರೂ ಇನ್ನೂ ಕಲಿತಿಲ್ಲ.

2022ರಲ್ಲಿ ಅಮೆರಿಕ ಫೆಡರೇಷನ್ ಹಂಚಿಕೆಯ ಅಂಗಡಿ ಮುಚ್ಚಿತು. ಸಂಬಳ ಕ್ಲಬ್ಬಿನದು, ಒಪ್ಪಂದ ಕ್ಲಬ್ಬಿನ ಜೊತೆಗೇ. 2024ರ ಜನವರಿಯಲ್ಲಿ ಕಾಲೇಜು ಹುಡುಗಿಯರ ಕೊನೆಯ ಡ್ರಾಫ್ಟ್ ನಡೆಯಿತು. ಆಗಸ್ಟ್‌ನಲ್ಲಿ ಆಟಗಾರ್ತಿಯರ ಸಂಘ ಲೀಗ್ ಜೊತೆ ಮಾಡಿಕೊಂಡ ಹೊಸ ಒಪ್ಪಂದದಲ್ಲಿ ಡ್ರಾಫ್ಟ್‌ಗಳೆಲ್ಲ ರದ್ದಾದವು. ಆಟಗಾರ್ತಿ ಒಪ್ಪದೆ ಆಕೆಯನ್ನು ಇನ್ನೊಂದು ಕ್ಲಬ್ಬಿಗೆ ಸಾಗಿಸುವಂತಿಲ್ಲ. 6 ಸಾವಿರದಿಂದ ಶುರುವಾದ ಕನಿಷ್ಠ ಸಂಬಳ 2025ಕ್ಕೆ 48,500 ಡಾಲರ್.

ಇದರಿಂದ ಕ್ಲಬ್ ಕಚೇರಿಗಳಲ್ಲಿ ಎಂಥ ಕಷ್ಟ ಬಂದಿರಬೇಕು ಎಂದು ಯಾರೂ ಯೋಚಿಸುತ್ತಿಲ್ಲ. ಪಹಣಿ ಇಲ್ಲ, ಟೋಕನ್ ಇಲ್ಲ, ಸರದಿ ಇಲ್ಲ. ಯಾವುದೋ ಆಟಗಾರ್ತಿ ಬೇಕೆನಿಸಿದರೆ ಅವರ ಏಜೆಂಟ್ ನಂಬರ್ ಹುಡುಕಿ, ಫೋನ್ ಹಚ್ಚಿ, “ನಮ್ಮ ಊರಿಗೆ ಬರ್ತಾರಾ ಮೇಡಂ?” ಎಂದು ಬಾಯಿ ಬಿಟ್ಟು ಕೇಳಬೇಕು. ಅವರು “ಮನೆಯಲ್ಲಿ ಕೇಳಿ ಹೇಳ್ತಾರಂತೆ” ಎಂದರೆ ಕಾಯಬೇಕು.