ಎಲ್ಲದಕ್ಕೂ ‘ಡಸ್ಟ್ ಅಲರ್ಜಿ’ ಅಂದುಬಿಟ್ಟರೆ ಹೇಗೆ?

ಬಳ್ಳಾರಿಯಲ್ಲಿ ಯಾರಾದರೂ ಎರಡು ಸಲ ಸೀನಿದರೆ ಸಾಕು, ಪಕ್ಕದಲ್ಲಿದ್ದವರು ಡಾಕ್ಟರ್ ಆಗಿಬಿಡುತ್ತಾರೆ. ‘ಡಸ್ಟ್ ಅಲರ್ಜಿ ಅದು, ಈ ಊರಿನ ಧೂಳೇ ಹಂಗೆ.’ ಮೈ ಕೆರೆದರೂ ಡಸ್ಟ್ ಅಲರ್ಜಿ, ಕಣ್ಣು ಉರಿದರೂ ಡಸ್ಟ್ ಅಲರ್ಜಿ, ರಾತ್ರಿ ಕೆಮ್ಮು ಬಂದರೂ ಅದೇ. ನಮ್ಮಲ್ಲಿ ಧೂಳಿಲ್ಲ ಅಂತ ನಾನು ಹೇಳುತ್ತಿಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಹಿಂದೆ ಬೈಕ್ ಓಡಿಸಿದವರಿಗೆ ಬಿಳಿ ಅಂಗಿ ಮನೆ ಸೇರೋ ಹೊತ್ತಿಗೆ ಯಾವ ಬಣ್ಣಕ್ಕೆ ತಿರುಗಿರುತ್ತದೆ ಅಂತ ಗೊತ್ತು. ನನ್ನ ತಕರಾರು ಬೇರೆ. ಧೂಳು ಅಂದುಬಿಟ್ಟರೆ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ. ಊರಿನ ಧೂಳನ್ನು ಯಾರೂ ಗುಡಿಸಿ ಮುಗಿಸೋಕಾಗಲ್ಲ. ಹಾಗಾಗಿ ವರ್ಷಗಟ್ಟಲೆ ಮಾತ್ರೆ ನುಂಗೋದೊಂದೇ ದಾರಿ ಅನ್ನೋ ಹಾಗಾಗಿದೆ.

ಮೊದಲು ಒಂದು ವ್ಯತ್ಯಾಸ. ಬಾಣಲೆಗೆ ಒಣಮೆಣಸಿನಕಾಯಿ ಬಿದ್ದ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಅದು ಅಲರ್ಜಿ ಅಲ್ಲ, ಘಾಟು ಮೂಗನ್ನು ಕೆರಳಿಸಿದೆ ಅಷ್ಟೇ. ಅದಿರಿನ ಕೆಂಪು ಧೂಳು ಹೆಚ್ಚಾಗಿ ಮಾಡೋದೂ ಇದನ್ನೇ. ಆಸ್ತಮಾ ಇದ್ದವರಿಗೆ ಅದೂ ಕಷ್ಟವೇ, ಮಾತು ಬೇರೆ. ಅಲರ್ಜಿ ಎಂದರೆ ಹತ್ತು ಜನರಿಗೆ ಏನೂ ಮಾಡದ ವಸ್ತು ಒಬ್ಬರ ಮೈಗೆ ಮಾತ್ರ ಶತ್ರುವಿನ ಹಾಗೆ ಕಾಣೋದು. ಪರಾಗ, ಶೇಂಗಾ, ಜೇನುಹುಳದ ವಿಷ, ಏನಾದರೂ ಆಗಬಹುದು. ಅದರ ವಿರುದ್ಧ ದೇಹ ಐಜಿಇ ಎಂಬ ಪ್ರತಿಕಾಯ ತಯಾರು ಮಾಡಿಟ್ಟುಕೊಳ್ಳುತ್ತದೆ. ಮುಂದಿನ ಸಲ ಆ ವಸ್ತು ತಾಗಿದ ಕೂಡಲೇ ಮೈಯೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಯುತ್ತದೆ. ಸೀನು, ನೀರಿಳಿಯೋ ಮೂಗು, ದದ್ದು ಎಲ್ಲ ಅದರದ್ದೇ ಆಟ. ಸೆಟ್ರಿಜಿನ್ ಥರದ ಮಾತ್ರೆ ಈ ಹಿಸ್ಟಮಿನ್‌ಗೆ ಅಡ್ಡ ನಿಲ್ಲುತ್ತದೆಯೇ ಹೊರತು ಅಲರ್ಜಿಯನ್ನೇ ತೆಗೆದುಹಾಕಲ್ಲ.

ಎಲ್ಲ ಅಲರ್ಜಿಯೂ ಹೀಗೆ ತಕ್ಷಣ ಬರಲ್ಲ ಅನ್ನೋದು ಇನ್ನೂ ಮುಖ್ಯ. ನಮ್ಮ ಓಣಿಯ ಹುಡುಗನೊಬ್ಬ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುತ್ತಾನೆ. ಹೊಕ್ಕಳ ಕೆಳಗೆ ರೂಪಾಯಿ ಅಗಲಕ್ಕೆ ಚರ್ಮ ಕಪ್ಪಾಗಿ ದಪ್ಪಗಾಗಿತ್ತು, ಕೆರೆದು ಕೆರೆದು ನೀರು ಒಸರುತ್ತಿತ್ತು. ‘ಅಕ್ಕಾ, ಬಟ್ಟೆ ಧೂಳಾಗ ಕುಂದರ್ತೀನಲ್ಲ, ಡಸ್ಟ್ ಅಲರ್ಜಿ ಅಂದ್ರು’ ಅಂದ. ಧೂಳಾದರೆ ಮುಖಕ್ಕೆ, ಕೈಗೆ ಆಗಬೇಕು, ಅದೊಂದೇ ಜಾಗಕ್ಕೆ ಯಾಕಾಯ್ತು ಅಂತ ಕೇಳಿದೆ. ಉತ್ತರ ಇರಲಿಲ್ಲ. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅವರು ಕಲೆ ನೋಡಿ, ‘ಪ್ಯಾಂಟಿನ ಗುಂಡಿ ತೋರಿಸಪ್ಪ’ ಅಂದರಂತೆ. ನಿಕಲ್. ಜೀನ್ಸ್ ಗುಂಡಿಯ ಲೋಹದಲ್ಲಿರುವ ನಿಕಲ್ ಬೆವರಿಗೆ ಕರಗಿ ಚರ್ಮಕ್ಕೆ ಇಳಿಯುತ್ತದೆ, ನಮ್ಮೂರ ಬೇಸಿಗೆಯಲ್ಲಿ ಬೆವರಿಗೇನು ಬರ. ಗಿಲೀಟಿನ ಓಲೆ ಹಾಕಿದರೆ ಕಿವಿ ಸೋರುವುದಕ್ಕೂ ಬಹಳ ಸಲ ಇದೇ ಕಾರಣ. ಗುಂಡಿಯ ಹಿಂದೆ ದಪ್ಪ ಬಟ್ಟೆಯ ತುಂಡು ಹೊಲಿದುಕೊಂಡ, ಒಂದು ಮುಲಾಮು ಹಚ್ಚಿದ, ಕಡಿಮೆಯಾಯಿತು. ಊರಿಗೆಲ್ಲ ಜೀನ್ಸ್ ಹೊಲಿದು ಕಳಿಸುವ ಬಳ್ಳಾರಿಯವರಿಗೆ ಈ ಗುಂಡಿ ವಿಷಯ ಗೊತ್ತಿರಬೇಕಲ್ವಾ?

ಕಾಂಗ್ರೆಸ್ ಗಿಡದ್ದೂ ಇದೇ ಜಾತಿ. 1950ರ ದಶಕದಲ್ಲಿ ಪುಣೆ ಕಡೆ ಕಣ್ಣಿಗೆ ಬಿದ್ದ ಈ ಕಳೆ ಈಗ ನಮ್ಮ ಹೊಲದ ಬದು, ಕಾಲುವೆ ದಂಡೆ, ಖಾಲಿ ಸೈಟು ಎಲ್ಲ ಕಡೆ ಇದೆ. ಅದರಲ್ಲಿರುವ ಪಾರ್ಥೆನಿನ್ ಅನ್ನೋ ರಾಸಾಯನಿಕ ಒಗ್ಗದವರಿಗೆ ರೆಪ್ಪೆ, ಕತ್ತು, ಮೊಣಕೈ ಮಡಿಕೆ ಎಲ್ಲ ಒರಟಾಗಿ ಕಪ್ಪಾಗುತ್ತದೆ. ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ನಿಕಲ್ ಆಗಲಿ ಇದಾಗಲಿ, ತುರಿಕೆ ಶುರುವಾಗೋದು ಒಂದೆರಡು ದಿನ ಬಿಟ್ಟು. ಇಲ್ಲಿ ಐಜಿಇ ಪಾತ್ರ ಇಲ್ಲ, ರಕ್ತದ ಒಂದು ಥರ ಬಿಳಿ ಕಣಗಳದ್ದು ಕೆಲಸ. ಅದಕ್ಕೇ ಸೆಟ್ರಿಜಿನ್ ನುಂಗಿ ‘ಏನೂ ಉಪಯೋಗ ಇಲ್ಲ’ ಅಂತ ಗೊಣಗೋದು. ಇದಕ್ಕೆ ಪ್ಯಾಚ್ ಟೆಸ್ಟ್ ಅಂತ ಇದೆ. ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ.

ಸೀನು ವಿಚಾರಕ್ಕೆ ಬಂದರೆ ನನ್ನ ಮೊದಲ ಅನುಮಾನ ಬಳ್ಳಾರಿ ಜಾಲಿ ಮೇಲೆ. ಹಳದಿ ತೆನೆಯ ಹಾಗೆ ಹೂ ಬಿಟ್ಟಾಗ ಅದರ ಪರಾಗ ಅಲರ್ಜಿ ತರುತ್ತದೆ ಅಂತ ರಾಜಸ್ಥಾನದಲ್ಲೂ ದಿಲ್ಲಿಯಲ್ಲೂ ಬೇಕಾದಷ್ಟು ಅಧ್ಯಯನ ಆಗಿದೆ. ನಮ್ಮಲ್ಲಿ ಆ ಗಿಡದ ಬೇಲಿಯ ಪಕ್ಕದಲ್ಲೇ ನಿಂತು ಧೂಳಿಗೆ ಬಯ್ಯುತ್ತೇವೆ.

ಎರಡನೇ ಅನುಮಾನ ಹಾಸಿಗೆ ಮೇಲೆ. ಬೆಳಗ್ಗೆ ಎದ್ದ ತಕ್ಷಣ ಸಾಲಾಗಿ ಸೀನು ಬಂದರೆ ರಸ್ತೆ ಧೂಳನ್ನು ಬಿಡಿ, ದಿಂಬು ನೋಡಿ. ಕಣ್ಣಿಗೆ ಕಾಣದ ಧೂಳುಹುಳ ನಾವು ಉದುರಿಸಿದ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ಅದರ ಹಿಕ್ಕೆಗೇ ಅಲರ್ಜಿ. ಅದಕ್ಕೆ ಗಾಳಿಯಲ್ಲಿ ತೇವ ಬೇಕು, ನಮ್ಮ ಒಣ ಹವೆ ಅದಕ್ಕೆ ಆಗಿಬರಲ್ಲ. ನಾವೇ ಏಪ್ರಿಲ್, ಮೇನಲ್ಲಿ ಕಿಟಕಿ ಮುಚ್ಚಿ ಏರ್ ಕೂಲರ್ ಹಾಕಿ ಆ ತೇವ ಒದಗಿಸಿಕೊಡುತ್ತೇವೆ. ಕೂಲರಿನ ಹುಲ್ಲು ವಾಸನೆ ಹೊಡೆದರೆ ಬೂಸ್ಟು ಹಿಡಿದಿದೆ ಅಂತಲೇ ಅರ್ಥ. ಹುಲ್ಲು ಬದಲಾಯಿಸಿ, ಟ್ಯಾಂಕ್ ತೊಳೆಯಿರಿ, ಕಿಟಕಿ ಸ್ವಲ್ಪ ತೆಗೆದಿಡಿ. ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಲ್ಲಿ ಒಗೆದರೆ ಹುಳ ಸಾಯುತ್ತದೆ. ನಮ್ಮಮ್ಮ ಕೌದಿಗಳನ್ನು ಮಾಳಿಗೆ ಮೇಲೆ ಮಧ್ಯಾಹ್ನದ ಬಿಸಿಲಿಗೆ ಹಾಕಿ, ತಿರುವಿ, ಸಂಜೆ ಕೋಲಲ್ಲಿ ಬಡಿದು ತರುತ್ತಿದ್ದಳು. ಕೆಲಸ ಸರಿ. ಬಡಿಯೋ ಕೆಲಸ ಮಾತ್ರ ಸೀನೋರು ಮಾಡಬಾರದು.

ಈಗ ನನಗೆ ಸಿಟ್ಟು ಬರೋ ವಿಷಯ. ‘ಒಂದು ಇಂಜೆಕ್ಷನ್ ಮಾಡಿಸ್ಕಳ್ರಿ, ಮೂರು ತಿಂಗಳು ಸೀನಲ್ಲ.’ ಇಂಥ ಸೂಜಿ ಬಹಳ ಸಲ ಸ್ಟಿರಾಯ್ಡ್ ಆಗಿರುತ್ತದೆ. ಪದೇ ಪದೇ ತಗೊಂಡರೆ ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ. ಇದಕ್ಕೆ ಹೆದರದ ಜನ ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಪ್ರೇಗೆ, ಇನ್ಹೇಲರ್‌ಗೆ ‘ಅಭ್ಯಾಸ ಆಗಿಬಿಡುತ್ತೆ’ ಅಂತ ಹೆದರುತ್ತಾರೆ! ಸ್ಪ್ರೇನಲ್ಲೂ ಸ್ಟಿರಾಯ್ಡ್ ಇರುತ್ತದೆ ನಿಜ, ಆದರೆ ಚೂರೇ ಚೂರು, ಅದೂ ಮೂಗಿಗೆ ಮಾತ್ರ. ದಿನಾ ಹಾಕಬೇಕು, ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ಹಿಡಿಯುತ್ತದೆ. ತುದಿಯನ್ನು ಮೂಗಿನ ನಡುಗೋಡೆ ಕಡೆ ಹಿಡಿಯದೆ ಕಿವಿ ಕಡೆ ಓರೆ ಮಾಡಿ ಹೊಡೆಯಿರಿ. ನಿಜವಾಗಿ ಅಭ್ಯಾಸ ಆಗೋದು ಅಂಗಡಿಯಲ್ಲಿ ಕೇಳಿ ತರೋ ಮೂಗು ಬಿಡಿಸೋ ಡ್ರಾಪ್ಸ್. ನಾಲ್ಕೈದು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ.

ಟೆಸ್ಟ್ ಪ್ಯಾಕೇಜ್ ಬಗ್ಗೆಯೂ ಹುಷಾರು. ನೂರಾರು ಪದಾರ್ಥಕ್ಕೆ ರಕ್ತ ಪರೀಕ್ಷೆ ಮಾಡಿಸಿ, ವರದಿಯಲ್ಲಿ ಬದನೆಕಾಯಿ, ಶೇಂಗಾ, ಹಾಲು ಎಲ್ಲ ಪಾಸಿಟಿವ್ ಬಂತು ಅಂತ ಮಕ್ಕಳಿಗೆ ಊಟವೇ ಇಲ್ಲದ ಹಾಗೆ ಮಾಡಿದವರಿದ್ದಾರೆ. ತಿಂದಾಗ ಏನೂ ಆಗದಿದ್ದರೆ ಬರೀ ಪಾಸಿಟಿವ್ ಅಂದರೆ ಅಲರ್ಜಿ ಅಲ್ಲ. ಯಾವಾಗ, ಎಲ್ಲಿ, ಏನು ಮುಟ್ಟಿದಾಗ ಅಥವಾ ತಿಂದಾಗ ಶುರುವಾಯಿತು ಅಂತ ಚೀಟಿಯಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದು ಕಡೆ ಮಾತ್ರ ಚೀಟಿ, ಯೋಚನೆ ಏನೂ ಬೇಡ. ಜೇನು ಕಚ್ಚಿದ ಮೇಲೋ, ಏನೋ ತಿಂದ ಮೇಲೋ, ಇಂಜೆಕ್ಷನ್ ಆದ ಮೇಲೋ ಮೈಯೆಲ್ಲ ದದ್ದೆದ್ದು, ನಾಲಿಗೆ ಊದಿ, ಉಸಿರು ಕಟ್ಟಿ, ತಲೆ ತಿರುಗಿದರೆ 108ಕ್ಕೆ ಫೋನ್ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಾದರೂ ಸರಿ. ಅಲ್ಲಿ ಮೊದಲು ಬೇಕಾದ್ದು ತೊಡೆಗೆ ಅಡ್ರಿನಾಲಿನ್ ಇಂಜೆಕ್ಷನ್, ಮಾತ್ರೆ ಸಾಲಲ್ಲ. ಹೋಗೋವರೆಗೂ ಮಲಗಿಸಿ ಕಾಲು ಎತ್ತರಕ್ಕಿಡಿ, ಉಸಿರಾಟ ಕಷ್ಟವಾದರೆ ಕೂರಿಸಿ. ಎದ್ದು ನಡೆಯೋಕೆ ಮಾತ್ರ ಬಿಡಬೇಡಿ.

ಇನ್ನೊಂದು. ಮಳೆ ಬಿದ್ದ ಮೇಲೆ ನಮ್ಮ ಓಣಿಯ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಹೂ ಬಿಡೋ ಮುಂಚೆ ಬೇರುಸಮೇತ ಕೀಳೋಣ ಅಂತ ಮಾತಾಡಿಕೊಂಡಿದ್ದೇವೆ. ಗ್ಲೌಸು, ಮಾಸ್ಕು, ತುಂಬುತೋಳಿನ ಅಂಗಿ ಇದ್ದೋರು ಬನ್ನಿ. ಮೈ ಕೆರೆಯೋರು ಮಾತ್ರ ದಯವಿಟ್ಟು ಬರಬೇಡಿ, ಮಿರ್ಚಿ ಮಂಡಕ್ಕಿ ಕಳಿಸಿದರೆ ಸಾಕು.